ನಮ್ಮ ಯಜಮಾನರ ಎಡಗೈ

ನಮ್ಮದು ಖಾನಾಪುರ. ಯಜಮಾನರದು ಕಿರಾಣಿ ಅಂಗಡಿ. ಅರವತ್ತು ದಾಟಿದ ಮೇಲೆ ಅವರ ಎಡಗೈಯ ಉಂಗುರ ಬೆರಳು, ಕಿರುಬೆರಳು ಅಂಗೈ ಕಡೆ ಮಡಚಿಕೊಂಡವು. ಎಳೆದರೂ ಬಿಚ್ಚಲಿಲ್ಲ.

"ಬಾಳಪ್ಪಣ್ಣಾ, ನಿನ್ನ ಕೈ ಬಿಗಿ ಅಂತ ಮೊದ್ಲ ಗೊತ್ತಿತ್ತು. ಈಗ ಕಣ್ಣಿಗೇ ಕಾಣಾಕತ್ತೇತಿ" ಎಂದು ಗಿರಾಕಿ ಸಾತಪ್ಪ ನಗುತ್ತಿದ್ದ. ಇವರೂ ನಗುತ್ತಿದ್ದರು.

ಪೂಜೆಗೆ ಕೂತಾಗ ಮಾತ್ರ ನಗು ಇರಲಿಲ್ಲ. ನಾವು ಲಿಂಗವಂತರು. ಪುಟ್ಟ ಬೆಳ್ಳಿ ಕರಡಿಗೆಯೊಳಗಿಟ್ಟು ಕೊರಳಲ್ಲಿ ಕಟ್ಟಿದ ಲಿಂಗ ಮೈಯಿಂದ ದೂರ ಮಾಡುವುದಿಲ್ಲ. ಎಡ ಅಂಗೈ ಮೇಲಿಟ್ಟು ಪೂಜಿಸಬೇಕು. ಇವರ ಅಂಗೈಯಲ್ಲಿ ಅದು ಓರೆಯಾಗುತ್ತಿತ್ತು. ಅದಕ್ಕೇ ಆಪರೇಶನ್ನಿಗೆ ಒಪ್ಪಿದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಆ ದಿನ ನರ್ಸ್ ಬಂದು, "ಅಜ್ಜಾರ, ಕೊರಳಾಗಿಂದು ತಗೀರಿ" ಎಂದಳು. ಇವರು ಮಂಚ ಇಳಿದು ಚಪ್ಪಲಿ ಮೆಟ್ಟಿದರು.

"ನಡಿ ಊರಿಗೆ. ಲಿಂಗ ಬಿಟ್ಟು ಬೆರಳು ಬಿಚ್ಚಿಸ್ಕೊಂಡು ಏನ್ ಮಾಡ್ಲಿ?"

"ಸುಮ್ನ ಕುಂದರ್ರಿ" ಎಂದು ನಾನು ಡಾಕ್ಟರ ಬಳಿ ಹೋದೆ. "ಲಿಂಗ ಬ್ಯಾಡೋ, ಬೆಳ್ಳಿ ಬ್ಯಾಡೋ, ಹೇಳ್ರಿ ಸಾಹೇಬ್ರ."

"ಬೆಳ್ಳಿ ಅಷ್ಟ ಬ್ಯಾಡವಾ."

ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಇವರ ಕೊರಳಿಗೆ ಕಟ್ಟಿದೆ. ಇವರು ಒಳಗೆ ಹೋದರು. ಖಾಲಿ ಕರಡಿಗೆ ಹಿಡಿದು ನಾನು ಹೊರಗೆ ಕೂತೆ.

ಬಾವು ಬರಬಾರದೆಂದು ಕೈ ಮೇಲೆತ್ತಿಯೇ ಇರಬೇಕಿತ್ತು. ಊರಿನ ಬಸ್ಸಿನಲ್ಲೂ ಹಾಗೆಯೇ ಕೂತರು.

"ಕೈ ಇಳಸ್ರಿ ಯಜಮಾನ್ರ, ಎಲ್ಲಾರಿಗೂ ಟಿಕೆಟ್ ಕೊಡ್ತೀನಿ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು.

ಕೈಗೆ ಪಟ್ಟಿ ಇರುವ ತನಕ ಲಿಂಗ ಬಲ ಅಂಗೈ ಮೇಲೆ. ವಿಭೂತಿ ಹಚ್ಚುವುದು, ಪತ್ರಿ ಏರಿಸುವುದು ನನ್ನ ಕೆಲಸ.

"ಹನಿ ನೀರು ಹಾಕು ಅಂದ್ರ ನನಗ ಜಳಕಾನ ಮಾಡಸ್ತಿಯಲ್ಲ!"

"ಬಾಯಿ ಮುಚ್ಚಿ ಪೂಜಿ ಮಾಡ್ರಿ."

ಗಾಯ ಮಾಯ್ದ ಮೇಲೆ ಬೆರಳು ಚಾಚುವ ವ್ಯಾಯಾಮ. ಕಟ್ಟೆಗೆ ಅಂಗೈ ಒತ್ತಿ ಒತ್ತಿ ಡಾಕ್ಟರನ್ನು ಬೈಯುತ್ತಿದ್ದರು. ನನ್ನನ್ನೂ ಬೈಯುತ್ತಿದ್ದರು. ಕಿರುಬೆರಳು ಚೂರು ಬಾಗಿಯೇ ಉಳಿಯಿತು. ಆದರೂ ಒಂದು ಮುಂಜಾನೆ ಲಿಂಗ ಎಡ ಅಂಗೈ ಮೇಲೆ ನೆಟ್ಟಗೆ ಕೂತಿತು. ಇವರು ಅದನ್ನೇ ನೋಡುತ್ತ ಕೂತರು. ಅಂಗಡಿ ತೆಗೆಯುವುದು ತಡವಾಯಿತು.

ಮರುದಿನ ಮತ್ತೆ ನನ್ನನ್ನು ಕರೆದರು.

"ಬಾ, ವಿಭೂತಿ ಹಚ್ಚು."

"ಕೈ ಬಿಚ್ಚೇತಲ್ಲ, ನೀವ ಹಚ್ಚರಿ."

"ರೂಢಿ ಆಗೇತಿ, ಬಾ."

ಹೋದ ವರ್ಷ ಎದೆನೋವಿನಿಂದ ತೀರಿಕೊಳ್ಳುವ ತನಕ ಹೀಗೆಯೇ ನಡೆಯಿತು. ಈಗ ನನ್ನದೊಂದೇ ಪೂಜೆ. ಬೇಗ ಮುಗಿಯುತ್ತದೆ.