ನಾಕು ಬೆರಳು ಇಳಿಸಿದ ಗಾಡಿ

ಎರಿ ಭೂಮ್ಯಾಗ, ಕಾಲು ಹಿಡಿಯೂ ಕರೀ ಮಣ್ಣಿನ್ಯಾಗ, ಗಾಡಿ ಎತ್ತರ ಏರಸ್ತಾರ, ಇಳಸೂದಿಲ್ಲ. ಕುಂದಗೋಳ ಸುತ್ತಮುತ್ತ ನೋಡ್ರಿ, ಇದ್ದ ಟಾಯರ್ ತಗದು ಅದಕ್ಕಿಂತ ದೊಡ್ಡವು ಹಾಕಿಸಿದ ಮಂದಿ ಬೇಕಾದಷ್ಟು ಸಿಗ್ತಾರ. ಅಷ್ಟು ದೊಡ್ಡ ಗಾಡೀನ ದುಡ್ಡು ಕೊಟ್ಟು ಗಿಡ್ಡ ಮಾಡಿಸಿದಾಕಿ ನಾ ಒಬ್ಬಾಕೀನ ಇರಬೇಕು. ಮಂದಿ ನಕ್ಕರು. ನಗಲಿ, ಅವರ ಬಾಯಿ, ಅವರ ಹಲ್ಲು.

ಆ ಗಾಡಿ ನಮ್ಮ ಮಾವಾರು ಹಟ ಹಿಡಿದು ತಂದದ್ದು. ಏಳು ಮಂದಿ ಕೂಡೂ ಕರೀ ಗಾಡಿ, ಎತ್ತರಂದ್ರ ಅಗದಿ ಎತ್ತರ. ಅದರಾಗ ಕೂತು ಹೊಲಕ್ಕ ಹೋದ್ರ ಬದುವಿನ ಆಚಿಗೆ ಯಾರ ಬೆಳಿ ಹ್ಯಾಂಗೈತಿ ಎಲ್ಲಾ ಕಾಣತೈತಿ ಅಂತ ಅವರಿಗೆ ಹಿಗ್ಗು. ಆ ಹಿಗ್ಗು ಭಾಳ ದಿನ ಉಳೀಲಿಲ್ಲ. ಕಿಡ್ನಿ ಕೆಟ್ಟುವು. ವಾರಕ್ಕ ಎರಡು ಸಲ ಹುಬ್ಬಳ್ಳಿಗೆ ಬಂದು ಡಯಾಲಿಸಿಸ್ ಮಾಡಿಸಬೇಕು ಅಂದ್ರು ಡಾಕ್ಟರು. ತಪ್ಪಿಸಿದ್ರ ಏನಾಗ್ತೈತ್ರಿ ಅಂತ ಕೇಳಿದೆ. ಉಳಿಯೂದಿಲ್ಲ ಅಂದ್ರು, ಅಷ್ಟ.

ಅತ್ತಿ ತೀರಿಕೊಂಡು ಭಾಳ ವರ್ಷ ಆಗಿತ್ತು. ನಮ್ಮ ಮನಿಯವರು ಬಸ್ ಡ್ರೈವರ್, ದೂರದ ರೂಟು, ಮನ್ಯಾಗ ಇರೂದ ಕಡಿಮಿ. ನನಗ ಗಾಡಿ ಹೊಡಿಯಾಕ ಕಲಿಸಿದವರೂ ಅವರ. ಹಿಂಗಾಗಿ ದವಾಖಾನಿ ಕೆಲಸ ನನ್ನ ಪಾಲಿಗೆ ಬಂತು.

ಆದ್ರ ನಮ್ಮ ಮನ್ಯಾಗ ಸೊಸಿ ಮಾವನ್ನ ಮುಟ್ಟೂದಿಲ್ಲ. ತಲಿ ಮ್ಯಾಲಿನ ಸೆರಗು ಜಾರಬಾರದು, ಎದುರಿಗೆ ಕೂಡಬಾರದು. ನಾ ಗಾಡಿ ಹೊಡದ್ರ ಅವರು ಹಿಂದಿನ ಸೀಟಿನ್ಯಾಗ ಕೂಡೂವರು. ಮದುವಿಯಾದಾಗಿಂದ ನನ್ನ ಜೋಡಿ ನೆಟ್ಟಗ ಮಾತಾಡಿದವರಲ್ಲ. ಮನಿ ಗ್ವಾಡಿ ನೋಡಿ "ಚಾ ಸಿಕ್ರ ಚಲೋ ಆಗ್ತಿತ್ತು" ಅಂತಿದ್ರು, ನಾನೂ ಗ್ವಾಡಿ ನೋಡಿ "ಇಡ್ತೀನ್ರಿ" ಅಂತಿದ್ದೆ. ಇಬ್ಬರಿಗೂ ಅದರಿಂದ ಏನೂ ತ್ರಾಸ ಇರಲಿಲ್ಲ.

ಮೊಣಕಾಲು ಸೋತ ಮ್ಯಾಲೆ ಅವರಿಗೆ ಆ ಗಾಡಿ ಹತ್ತಾಕ ಆಗಲಿಲ್ಲ. ಸ್ಟೂಲ್ ಇಟ್ಟು ನೋಡಿದ್ವಿ, ಅದರ ಮ್ಯಾಲಿಂದ ಬೀಳೂದರಾಗಿದ್ರು. ಓಣಿ ಗಂಡಸರು ಬಂದು ಕಂಕಳಾಗ ಕೈ ಹಾಕಿ ಎತ್ತಿ ಕೂಡಸಾಕ ಹತ್ತಿದ್ರು. ಒಂದಿನ ಹಂಗ ಎತ್ತೂ ಮುಂದ ಧೋತರ ಸಡ್ಲಾಗಿ ಬಿತ್ತು. ಯಾರೋ ಕಿಸಕ್ಕನ ನಕ್ಕರು. ಅವತ್ತು ಹೋಗಿ ಬಂದವರು ಮುಂದಿನ ಸಲ ಮನಿ ಮುಂದಿನ ಕಟ್ಟಿ ಬಿಟ್ಟು ಏಳಲಿಲ್ಲ. "ನಾ ಏನು ಜ್ವಾಳದ ಚೀಲ ಏನು? ಇನ್ನ ಯಾರೂ ನನ್ನ ಎತ್ತೂದು ಬ್ಯಾಡ. ಆದದ್ದಾಗಲಿ" ಅಂದ್ರು ಗ್ವಾಡಿಗೆ. ನಮ್ಮ ಮನಿಯವರು ಫೋನಿನ್ಯಾಗ ಬೇಡಿಕೊಂಡ್ರು, ಕೇಳಲಿಲ್ಲ. ಡಯಾಲಿಸಿಸ್ಸಿನ ಎರಡು ಪಾಳಿ ತಪ್ಪಿದುವು. ಮಾರಿ ಬಾತಿತ್ತು, ಮಾತಾಡಿದ್ರ ತೇಕು ಬರ್ತಿತ್ತು. ನನಗ ಅಂಜಿಕಿ ಆತು, ಅಂಜಿಕಿಗಿಂತ ಹೆಚ್ಚು ಸಿಟ್ಟು ಬಂತು. ಜಡ್ಡಿನಿಂದ ಸಾಯೂದು ಬ್ಯಾರೆ, ಧೋತರ ಸಡ್ಲಾತಂತ ಸಾಯೂದು ಬ್ಯಾರೆ.

ಆ ಕಟ್ಟಿ ಕಡೆ ನಾ ಲಕ್ಷ್ಯ ಕೊಟ್ಟಿದ್ದು ಆವಾಗ. ಅದರ ಮ್ಯಾಲೆ ಅವರು ಯಾರ ಕೈಯೂ ಹಿಡೀದ ಕೂಡ್ತಿದ್ರು, ಏಳ್ತಿದ್ರು. ಕಟ್ಟಿಗೆ ಬೆನ್ನು ಮಾಡಿ ನಿಲ್ಲೂದು, ಕೂಡೂದು, ಆಮ್ಯಾಲೆ ಕಾಲು ಮ್ಯಾಲೆ ತಗೊಳ್ಳೂದು. ಅವರು ಒಳಗ ಮಲಗಿದಾಗ ಒಂದು ದಾರದಿಂದ ಕಟ್ಟಿ ಎತ್ತರ ಅಳದು ಗಂಟು ಹಾಕಿದೆ. ಅದ ದಾರ ಗಾಡಿಗೆ ಹಿಡದ್ರ ಹಿಂದಿನ ಸೀಟು ಗಂಟಿಗಿಂತ ನಾಕು ಬೆರಳು ಮ್ಯಾಲಿತ್ತು. ಬರೇ ನಾಕು ಬೆರಳು.

ಗಾಡೀನ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ದಾರಾನೂ ನೋಡಿದ, ನನ್ನ ಮಾರೀನೂ ನೋಡಿದ. "ಅಕ್ಕಾರ, ಗಿಡ್ಡ ಸ್ಪ್ರಿಂಗ್ ಹಾಕಿದ್ರ ಇಳೀತೈತ್ರಿ. ಆದ್ರ ಮಳಿಗಾಲದಾಗ ಗಾಡಿ ಹೊಟ್ಟಿ ರಾಡ್ಯಾಗ ಕೂಡ್ತೈತಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ."

"ಮಳಿಗಾಲದ ತನಕ ಮನಿಷ್ಯಾ ಇರಬೇಕಲ್ಲಪಾ ಮೊದಲ?" ಅಂದೆ. ಅಂವ ಜಾಕ್ ತರಾಕ ಒಳಗ ಹೋದ.

ಗಾಡಿಗೆ ಜಾಕ್ ಕೊಟ್ಟು, ಗಾಲಿ ಬಿಚ್ಚಿ, ನಾಕೂ ಸ್ಪ್ರಿಂಗ್ ಬದಲಿ ಮಾಡೂದರಾಗ ಸಂಜಿ ಆತು. ಜಾಕ್ ಇಳಿಸಿದಾಗ ಗಾಡಿ ಮೆಲ್ಲಕ ಗಾಲಿ ಮ್ಯಾಲೆ ಕುಂತಿತು. ದಾರ ಹಿಡದು ನೋಡಿದೆ, ಗಂಟು ಸೀಟಿಗೆ ಸರಿ ಬಂತು. "ತಲಿ ಗಿಲಿ ಕೆಟ್ಟೈತೇನು? ಅಪ್ಪನ ಗಾಡಿ ಹಾಳ ಮಾಡಿಟ್ಟಿ" ಅಂದ್ರು ನಮ್ಮ ಮನಿಯವರು ಫೋನಿನ್ಯಾಗ. ನಿಮಗ ಅಪ್ಪ ಬೇಕೋ ಗಾಡಿ ಬೇಕೋ ಅಂತ ಕೇಳಿ ಫೋನ್ ಇಟ್ಟೆ.

ಮರುದಿನ ಗಾಡೀನ ಕಟ್ಟಿ ಬಾಜೂಕ ನಿಲ್ಲಿಸಿ, ಹಿಂದಿನ ಬಾಗಿಲಾ ತಗದು, ನಾ ಸ್ಟೇರಿಂಗ್ ಹಿಡದು ಎದುರಿಗೆ ನೋಡಕೋತ ಕುಂತೆ. ಕನ್ನಡಿಯಾಗೂ ನೋಡಲಿಲ್ಲ. ಭಾಳ ಹೊತ್ತಾತು. ಆಮ್ಯಾಲೆ ಹಿಂದಿನ ಸೀಟು ಕಿರ್ ಅಂತು. ಒಂದು ಕಾಲು ಒಳಗ ಬಂತು, ಇನ್ನೊಂದನ್ನ ತಾವ ಕೈಲೆ ಎತ್ತಿ ಇಟ್ಟುಕೊಂಡ್ರು. "ಗಾಡಿ ಈಗ ಮನಿಷ್ಯಾರಂಗ ಆತು" ಅಂತ ಕಿಡಕಿಗೆ ಹೇಳಿದ್ರು. ನಾ ಗಾಡಿ ಚಾಲೂ ಮಾಡಿದೆ.

ಬ್ಯಾಸಗಿ ಎಲ್ಲಾ ಹಂಗ ಹೋಗಿ ಬಂದ್ವಿ. ಮಳಿ ಹತ್ತಿದ ಮ್ಯಾಲೆ ಹಳ್ಳದ ಸೇತುವಿ ಕೆಲಸ ಅಂತ ದಾರಿ ಬಂದ್ ಮಾಡಿದ್ರು. ಅವತ್ತು ಹೊಲದ ದಾರೀಲೆ ಬಳಸಿ ಹೊಂಟೆ. ಡಾಂಬರ ರಸ್ತಾ ಕಣ್ಣಿಗೆ ಕಾಣತಿತ್ತು. ಅಷ್ಟರಾಗ ಟ್ರ್ಯಾಕ್ಟರ್ ಗಾಲಿ ಕೊರದ ಎರಡು ತಗ್ಗಿನ ನಡುವಿನ ದಿಬ್ಬಿ ಮ್ಯಾಲೆ ಗಾಡಿ ಹೊಟ್ಟಿ ಕುಂತಬಿಡ್ತು. ಮಿಸ್ತ್ರಿ ಹೇಳಿದ್ದು ಖರೇ ಆತು. ಗಾಲಿ ತಿರುಗಿದ್ದ ತಿರುಗಿದ್ದು, ಗಾಡಿ ಮಿಸುಕಲಿಲ್ಲ. ಊರಿಗೆ ಫೋನ್ ಮಾಡಿದ್ರ ಟ್ರ್ಯಾಕ್ಟರ್ ಬರಾಕ ಹೊತ್ತಾಗ್ತೈತಿ ಅಂದ್ರು. ಅಷ್ಟೊತ್ತಿಗೆ ದವಾಖಾನ್ಯಾಗ ನಮ್ಮ ಪಾಳಿ ದಾಟಿ ಹೋಗ್ತಿತ್ತು. ಡಾಂಬರಿಗೆ ಹೋದ್ರ ಹುಬ್ಬಳ್ಳಿ ಬಸ್ ಸಿಗ್ತಿತ್ತು. ಆದ್ರ ಹ್ಯಾಂಗ ಹೋಗೂದು? ಸುತ್ತ ಒಂದು ನರಪಿಳ್ಳಿ ಇರಲಿಲ್ಲ. ನಾ ರಾಡ್ಯಾಗ ಇಳದು ಹೊಲ ಹೊಲ ನೋಡಕೋತ ನಿಂತೆ.

ಮಾವಾರು ಬಾಗಿಲಾ ತಗದು, ಕಾಲು ಕೆಳಗಿಟ್ಟು, ತಾವ ಎದ್ದು ನಿಂತ್ರು. ಎರಿ ಮಣ್ಣು ಕಾಲು ಹಿಡೀತು, ಮೈ ವಾಲಿತು. ನಾ ಓಡಿ ಹೋದಾಕಿ ಒಂದು ಮಾರು ದೂರದಾಗ ಗಕ್ಕನ ನಿಂತೆ. ಚಾಚಿದ ಕೈ ಹಿಂದಕ್ಕ ತಗೊಂಡೆ. ಅವರು ನನ್ನ ಮಾರಿ ನೋಡಿದ್ರು. "ಹಿಡಕೋ ಯವ್ವಾ, ಬೀಳ್ತೀನಿ" ಅಂದ್ರು.

ಹಿಡಕೊಂಡೆ. ಡಾಂಬರಿನ ತನಕ ಹಂಗ ನಡದ್ವಿ. ನನ್ನ ಸೆರಗು ಯಾವಾಗೋ ಜಾರಿತ್ತು, ಸರಿ ಮಾಡಿಕೊಳ್ಳಾಕ ಕೈ ಖಾಲಿ ಇರಲಿಲ್ಲ.

ಬಸ್ ಬಂತು. ಮೆಟ್ಟಲು ಎತ್ತರ ಇದ್ದುವು. "ಬರ್ರಿ ಅಜ್ಜಾರ, ನಾ ಎತ್ತತೀನಿ" ಅಂತ ಕಂಡಕ್ಟರ್ ಇಳದು ಬಂದ. ಮಾವಾರು ಅವನ ಕೈ ಬಾಜೂಕ ಸರಿಸಿದ್ರು. ಇಲ್ಲೂ ಹಟ ಹಿಡದ್ರ ಇವತ್ತು ಮುಗೀತು ಅಂತ ನಾ ಅಂಜಿದೆ.

"ನೀ ಬಿಡಪಾ," ಅಂದ್ರು. "ನಮ್ಮ ಹುಡುಗಿ ಎತ್ತತಾಳ."

ಭಾರ ಇರ್ತಾರಂತ ಹಲ್ಲು ಕಚ್ಚಿ ಎತ್ತಿದೆ. ಏನೂ ಭಾರ ಇರಲಿಲ್ಲ. ಅಂಗಿ ಒಳಗ ಎಲುವು ಬಿಟ್ರ ಏನೂ ಉಳದಿರಲಿಲ್ಲ. ಕಣ್ಣೀರು ತಡಿಯಾಕ ಆಗಲಿಲ್ಲ ನನಗ. ಅವರನ್ನ ಎತ್ತಿದ ಓಣಿ ಗಂಡಸರಿಗೆಲ್ಲಾ ಇದು ಗೊತ್ತಿತ್ತು. ಒಂದ ಮನ್ಯಾಗ ಇದ್ದು, ಅವರಿಗೆ ದಿನಾ ಉಣ್ಣಾಕ ನೀಡಿದ ನನಗ ಗೊತ್ತಿರಲಿಲ್ಲ.