ತಳದಲ್ಲಿದ್ದ ಹೆಸರು

ಚೀನಾದ ಪಿಂಗಾಣಿ ನಗರ ಜಿಂಗ್‌ಡೆಜೆನ್‌ನಲ್ಲಿ ಹಳೆಯ ಸಾಮಾನಿನ ಸೋಮವಾರದ ಸಂತೆ ಬೆಳಕು ಹರಿಯುವ ಮುನ್ನವೇ ಕಳೆಗಟ್ಟಿದೆ. ಚೆಂಗ್ ಯಿನ್‌ಹ್ವಾ ನೆಲಕ್ಕೆ ಹಾಸಿದ ಚಾದರದ ಮೇಲೆ ಪಿಂಗಾಣಿ ಬಟ್ಟಲುಗಳನ್ನು ಬೋರಲು ಹಾಕುತ್ತಿದ್ದಾರೆ. ಒಂದೊಂದರ ತಳದಲ್ಲೂ ನೀಲಿಯಲ್ಲಿ ಅವರ ಹೆಸರಿದೆ. "ಮೊದ್ಲು ತಳ ನೋಡ್ಲಿ. ಹೊಸದು ಅಂತ ಗೊತ್ತಾಗ್ಲಿ," ಎನ್ನುತ್ತಾರೆ. ಗೊತ್ತಾದವರು ಮುಂದೆ ಸಾಗುತ್ತಾರೆ.

ಹದಿನಾರಕ್ಕೇ ಕುಂಚ ಹಿಡಿದ ಯಿನ್‌ಹ್ವಾ ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಹಳೆಯ ಚಿತ್ರಗಳ ನಕಲು ಬರೆದರು. ಕುತ್ತಿಗೆ ಬಾಗಿದ್ದು ಬಾಗಿಯೇ ಉಳಿದಿದೆ. ಮಣ್ಣಿನ ಧೂಳು ಕುಡಿದ ಗಂಡ ಉಸಿರು ಕಟ್ಟಿ ತೀರಿಕೊಂಡ ಮೇಲೆ ಮನೆಯಲ್ಲೇ, ತಮ್ಮ ಹೆಸರಿನಲ್ಲೇ ಬರೆಯತೊಡಗಿದರು. ದಿನಕ್ಕೆ ಆರು ಬಟ್ಟಲು ಬರೆದರೆ ಸುಡುವ ಗೂಡಿನಿಂದ ನೆಟ್ಟಗೆ ಬರುವುದು ನಾಲ್ಕು. ಅವನ್ನು ಹೆಚ್ಚಾಗಿ ಕೊಳ್ಳುತ್ತಿದ್ದವನು ವಾನ್ ಎಂಬ ದಲ್ಲಾಳಿ.

ಕಳೆದ ಚಳಿಗಾಲ ಫಾಂಗ್ ಎಂಬ ನಿವೃತ್ತ ಬಸ್ ಚಾಲಕ ಬಟ್ಟಲೊಂದನ್ನು ಎದೆಗವಚಿಕೊಂಡು ಸಂತೆಗೆ ಬಂದರು. ಮುನ್ನೂರು ವರ್ಷದ್ದೆಂದು ನಂಬಿ, ಆನ್‌ಲೈನ್ ಹರಾಜಿನಲ್ಲಿ ಉಳಿತಾಯವೆಲ್ಲ ಸುರಿದು ಕೊಂಡದ್ದು. ಮಗಳು ಅನುಮಾನಪಟ್ಟಿದ್ದಳು.

"ತಂಗಿ, ಸ್ವಲ್ಪ ನೋಡಿ ಹೇಳಮ್ಮ."

ಯಿನ್‌ಹ್ವಾ ಬಟ್ಟಲು ಮಗುಚಿದರು. ತಳದಲ್ಲಿ ಕೆರೆದ ಗುರುತು, ಅದರ ಮೇಲೆ ಹಳೆಯದೆನಿಸಲು ಬಳಿದ ಚಹಾದ ಕಲೆ. ಒಳಗೆ ಬರೆದ ಪೀಚ್ ಗಿಡದ ಎಲೆ ಅವರದೇ ಕೈಯದು.

"ಅಣ್ಣ, ಇದು ಹೋದ ವರ್ಷ ನಾನೇ ಬರೆದದ್ದು. ಕೆರೆದಿದಾರಲ್ಲ, ಅಲ್ಲಿ ನನ್ನ ಹೆಸರಿತ್ತು. ತಳದ ಫೋಟೋ ಕೇಳ್ಲಿಲ್ವಾ?"

"ಕೇಳ್ದೆ. ಹರಾಜು ಮುಗೀತಾ ಇದೆ, ಬೇಗ ಕೂಗಿ ಅಂದ್ರು."

"ಆಗ್ಲೇ ಕೈಬಿಡ್ಬೇಕಿತ್ತು. ತಳ ತೋರಿಸದವ್ರ ಹತ್ರ ಕೊಳ್ಳಬಾರದು. ದೂರು ಕೊಡಿ, ನಾನು ಬಂದು ಸಾಕ್ಷಿ ಹೇಳ್ತೀನಿ."

ಫಾಂಗ್ ಮುಖ ಕೆಂಪೇರಿತು. "ನೆಲದ ಮೇಲೆ ಕೂತು ಮಾರೋಳಿಗೆ ಹೊಟ್ಟೆಕಿಚ್ಚು," ಎಂದು ಬಟ್ಟಲು ಕಿತ್ತುಕೊಂಡು ಹೊರಟೇಹೋದರು.

ತಿಂಗಳೊಳಗೆ ಅದೇ ಬಟ್ಟಲು ಮತ್ತೆ ಹರಾಜಿಗೆ ಬಂತು. ಮಾರುವವರು ಫಾಂಗ್. 'ನಮ್ಮ ತಾತನ ಕಾಲದ್ದು' ಎಂದು ಬರೆದಿದ್ದರು. ಯಿನ್‌ಹ್ವಾ ಅದರ ಕೆಳಗೆ "ಇದು ನನ್ನ ಕೆಲಸ, ಮೋಸಹೋಗಬೇಡಿ" ಎಂದು ಬರೆದರು. ಹರಾಜಿನವರು ಆ ಸಾಲನ್ನು ಅಳಿಸಿಹಾಕಿದರು. ಬಟ್ಟಲು ಇನ್ಯಾರದೋ ಪಾಲಾಯಿತು.

ಆ ಬಟ್ಟಲನ್ನು ತಮ್ಮಿಂದ ಕೊಂಡೊಯ್ದಿದ್ದ ವಾನ್‌ನನ್ನು ದಬಾಯಿಸಿದರೆ ಅವನು ನಕ್ಕ. "ನಿನ್ನ ಹೆಸರಿದ್ರೆ ಅದು ಅನ್ನದ ಬಟ್ಟಲು ಕಣಕ್ಕ, ಇಲ್ದಿದ್ರೆ ನಿಧಿ."

ಅಂದಿನಿಂದ ಅವನಿಗೆ ಮಾರಿಲ್ಲ. ಮನೆಯಲ್ಲಿ ಮಾಂಸದಡುಗೆ ಅಪರೂಪವಾಗಿದೆ. ಈಗ ಎಲೆಯ ನರಗಳ ನಡುವೆಯೂ ಹೆಸರು ಬರೆಯುತ್ತಾರೆ. ಕೆರೆದರೆ ಚಿತ್ರವೇ ಹಾಳು.

"ಯಾರಾದ್ರೂ ಒಬ್ರು ಇದನ್ನ ಒಡೀದೆ ನೂರು ವರ್ಷ ಇಟ್ಕೊಂಡ್ರೆ ಸಾಕು," ಎನ್ನುತ್ತಾರೆ ಯಿನ್‌ಹ್ವಾ. "ಆಗ ನಿಜವಾಗ್ಲೂ ಹಳೇದಾಗುತ್ತೆ. ನನ್ನ ಹೆಸರಲ್ಲೇ ಹಳೇದಾಗ್ಲಿ."