ತೆಂಗು ಕಾಣ್ತದಾ?

ಅರವತ್ತರ ದಶಕದಲ್ಲಿ ತೆಂಗಿನ ತಳಿ ನೋಡಲು ನಮ್ಮೂರು ಗಂಡಸಿಯಿಂದ ಮಂಗಳೂರಿನಾಚೆಯ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ನನ್ನನ್ನು ಮೀನು ಹಿಡಿಯಲು ಕಡಲಿಗೆ ಕರೆದೊಯ್ದವನು ಒಬ್ಬ ಮುದುಕ. ಮಂಗಳೂರಿಗೆ ತೆಂಗಿನನಾರಿನ ಹಗ್ಗ ಸಾಗಿಸುತ್ತಾ ಕನ್ನಡ ಕಲಿತಿದ್ದ. ಗಾಳಿಗೆ ಕೆನ್ನೆಯೊಡ್ಡಿ ದೋಣಿ ನಡೆಸುವನು. ಗಳಿಗೆಗೊಮ್ಮೆ, “ತೆಂಗು ಕಾಣ್ತದಾ, ಸ್ವಾಮಿ?” ಎನ್ನುವನು. ದಡದ ಮರ ಮರೆಯಾದರೆ ಮುಂದೆ ಹೋಗುವಂತಿಲ್ಲ, ಅದು ಅವನ ಕಟ್ಟಳೆ.

“ಕಾಣ್ತೈತೆ ಕಣಯ್ಯ! ತೆಂಗು ನೋಡೋಕೆ ನಮ್ಮೂರೇ ಸಾಕಿತ್ತು,” ಎಂದು ರೇಗಿದೆ.

ಅಷ್ಟರಲ್ಲಿ ದೊಡ್ಡ ಮೀನೊಂದು ನನ್ನ ಗಾಳ ಕಚ್ಚಿ ಎಳೆಯತೊಡಗಿತು. ಅವನು ಮತ್ತೆ ಕೇಳಿದ. ಸುತ್ತ ಬರೀ ನೀರು. ಮೀನಿನ ಆಸೆಗೆ, “ಕಾಣ್ತೈತೆ,” ಎಂದೆ.

“ಹಾಗಾದ್ರೆ ಸರಿ,” ಎಂದು ನಕ್ಕ.

ಮೀನು ದಾರ ಹರಿದುಕೊಂಡು ಹೋಯಿತು. ಗಾಳಿಯ ಜಾಡು ಹಿಡಿದು ಅವನೇ ದಡ ಮುಟ್ಟಿಸಿದ. ಇಳಿದು, ದೋಣಿ ಕಟ್ಟುವ ಹಗ್ಗವನ್ನು ಅವನತ್ತ ಚಾಚಿದೆ. ಆ ಹಾಡುಹಗಲಲ್ಲಿ ಅವನ ಕೈ ಹಗ್ಗದ ಪಕ್ಕದಲ್ಲೇ ಬರಿಗಾಳಿಯನ್ನು ತಡಕಾಡಿತು.